ಲಿಟಲ್ ಲೀಗ್ (ಮಕ್ಕಳ ಬೇಸ್‌ಬಾಲ್) ಕೋಚಿಂಗ್: 9–10 ವರ್ಷದ 12 ಮಕ್ಕಳು, ವಾರಕ್ಕೆ ಒಂದೇ ಪ್ರಾಕ್ಟೀಸ್. ಎಲ್ಲಿಂದ ಶುರು ಮಾಡೋದು?

ಎಡಿಸನ್_ಅಮ್ಮ

ಎಲ್ಲರಿಗೂ ನಮಸ್ಕಾರ. ನ್ಯೂಜೆರ್ಸಿಯ ಒಂದು ಲಿಟಲ್ ಲೀಗ್‌ನಲ್ಲಿ ಮೈನರ್ಸ್ (ಚಿಕ್ಕ ಮಕ್ಕಳ ಹಂತ) ಟೀಮಿಗೆ ಕೋಚ್ ಆಗೋಕೆ ಒಪ್ಪಿಕೊಂಡಿದ್ದೀನಿ. 12 ಮಕ್ಕಳು. ವಾರಕ್ಕೆ 90 ನಿಮಿಷದ ಒಂದು ಪ್ರಾಕ್ಟೀಸ್, ಎರಡು ಮ್ಯಾಚ್. ನಾಲ್ಕು ಮಕ್ಕಳು ಹಿತ್ತಲಲ್ಲಿ ಕ್ರಿಕೆಟ್ ಆಡಿದವರು, ಬೇಸ್‌ಬಾಲ್ ಪೂರ್ತಿ ಹೊಸದು. ಕ್ರಿಕೆಟ್ ನನಗೆ ಚೆನ್ನಾಗಿ ಗೊತ್ತು. ಗೊತ್ತಾಗಬೇಕಾದ್ದು ಇಷ್ಟು: 90 ನಿಮಿಷ ಹೇಗೆ ಹಂಚೋದು, ಯಾರ ಕೈಲಿ ಎಷ್ಟು ಪಿಚ್ (ಬ್ಯಾಟರ್‌ಗೆ ಎಸೆಯೋ ಚೆಂಡು) ಮಾಡಿಸೋದು, ಕ್ರಿಕೆಟ್ ಅಭ್ಯಾಸಗಳಲ್ಲಿ ಯಾವುದನ್ನ ಬಿಡಿಸಬೇಕು. ಬ್ಯಾಟು, ಗ್ಲೌಸ್ ಬಗ್ಗೆಯೂ ಯಾರಾದರೂ ಹೇಳಿದರೆ ಉಪಕಾರ.

ಡಗೌಟ್_ಭಟ್ಟ

ಮೇಡಂ, ಮೊದಲು ಸಮಯದ ವಿಷಯ. ಹೊಸ ಕೋಚ್‌ಗಳಲ್ಲಿ ಮುಕ್ಕಾಲು ಜನ ಮಾಡೋದು ಒಂದೇ ಕೆಲಸ. ತಾವು ಪಿಚರ್ ದಿಬ್ಬದ ಮೇಲೆ ನಿಂತು ಚೆಂಡು ಎಸೀತಾರೆ, ಒಬ್ಬ ಹೊಡೀತಾನೆ, ಹನ್ನೊಂದು ಜನ ಹುಲ್ಲು ಕೀಳ್ತಾ ನಿಂತಿರ್ತಾರೆ. ಒಂದು ಗಂಟೆ ಹೀಗೆ ಮಾಡಿದರೆ ಒಬ್ಬೊಬ್ಬರಿಗೆ ಸಿಗೋದು ಐದು ನಿಮಿಷದ ಬ್ಯಾಟಿಂಗ್, ಅದರಲ್ಲೂ ಅರ್ಧ ಚೆಂಡು ವೈಡ್. ನಿಮ್ಮ ಪ್ಲಾನ್ ಸರಿಯಿದೆಯೋ ಇಲ್ಲವೋ ಅಂತ ನೋಡೋಕೆ ಒಂದೇ ಅಳತೆ: ಯಾವುದೇ ಕ್ಷಣದಲ್ಲಿ ಎಷ್ಟು ಮಕ್ಕಳು ಸುಮ್ಮನೆ ನಿಂತಿದ್ದಾರೆ? ನಾಲ್ಕಕ್ಕಿಂತ ಜಾಸ್ತಿ ಇದ್ದರೆ ಪ್ಲಾನ್ ಬದಲಾಯಿಸಿ.

ಹೀಗೆ ಹಂಚಿ ನೋಡಿ. ಮೊದಲ 10 ನಿಮಿಷ ಓಟ, ಪಕ್ಕಕ್ಕೆ ಜಾರು ಹೆಜ್ಜೆ, ಭುಜ ತಿರುಗಿಸೋದು. ನಿಂತಲ್ಲೇ ಎಳೆಯೋ ಸ್ಟ್ರೆಚಿಂಗ್ ಬೇಡ, ಮೈ ಬಿಸಿಯಾದರೆ ಸಾಕು. ಆಮೇಲೆ 12 ನಿಮಿಷ ಇಬ್ಬಿಬ್ಬರು ಎಸೆಯೋದು, ಹಿಡಿಯೋದು: 20 ಅಡಿಯಿಂದ ಶುರು, 30, ಕೊನೆಗೆ 45. ಎಲ್ಲಾ ಜೋಡಿಗಳೂ ಒಂದೇ ದಿಕ್ಕಿಗೆ ಎಸೀಬೇಕು. ಅಡ್ಡಾದಿಡ್ಡಿ ನಿಂತರೆ ತಪ್ಪಿದ ಚೆಂಡು ಪಕ್ಕದವನ ಕಿವಿಗೆ ಬೀಳುತ್ತೆ.

ನಂತರ ನಾಲ್ಕು ನಾಲ್ಕು ಮಕ್ಕಳ ಮೂರು ಗುಂಪು, ಒಂದೊಂದು ಕಡೆ 14 ನಿಮಿಷ. ಒಂದು ಗುಂಪು ಟೀ (ಚೆಂಡು ಇಡೋ ಕೋಲು) ಮೇಲಿಂದ ನೆಟ್‌ಗೆ ಹೊಡೆಯೋದು. ಎರಡು ಟೀ ಇಟ್ಟರೆ ಒಬ್ಬ ಹೊಡೀತಾನೆ, ಇನ್ನೊಬ್ಬ ಚೆಂಡು ಇಡ್ತಾನೆ, ತಲಾ 25–30 ಸ್ವಿಂಗ್ ಸಲೀಸಾಗಿ ಆಗುತ್ತೆ. ಇನ್ನೊಂದು ಗುಂಪಿಗೆ ನೆಲದ ಮೇಲೆ ಉರುಳೋ ಚೆಂಡು. ಬ್ಯಾಟಲ್ಲಿ ಹೊಡೀಬೇಡಿ, 25 ಅಡಿಯಿಂದ ಕೈಯಲ್ಲೇ ಉರುಳಿಸಿ. ಮೂರನೇ ಗುಂಪಿಗೆ ಮೇಲೆ ಬರೋ ಕ್ಯಾಚು, ಟೆನಿಸ್ ಬಾಲ್‌ನಲ್ಲಿ. ಉಳಿದ ಸಮಯದಲ್ಲಿ 15 ನಿಮಿಷ ಎಲ್ಲರನ್ನೂ ಮೈದಾನದಲ್ಲಿ ನಿಲ್ಲಿಸಿ ‘ಒಂದನೇ ಬೇಸ್‌ನಲ್ಲಿ ಓಟಗಾರ ಇದ್ದಾನೆ, ಚೆಂಡು ನಿನ್ನ ಹತ್ತಿರ ಬಂತು, ಎಲ್ಲಿಗೆ ಎಸೀತೀಯ?’ ಅನ್ನೋ ಕೆಲಸ. ಕೊನೆಗೆ ಬೇಸ್ ಓಟ. ಮೂರು ಗುಂಪಿಗೆ ಮೂವರು ದೊಡ್ಡವರು ಬೇಕು, ಮೊದಲ ದಿನವೇ ಇಬ್ಬರು ಅಪ್ಪ ಅಮ್ಮಂದಿರನ್ನ ಹಿಡ್ಕೊಳ್ಳಿ. ಆ ಪೋಷಕರ ಹಿನ್ನೆಲೆಯನ್ನ ಲೀಗ್ ಪರಿಶೀಲಿಸಬೇಕಾಗುತ್ತೆ, ಅದಕ್ಕೆ ದಿನ ಹಿಡಿಯುತ್ತೆ.

ನೆಲದ ಚೆಂಡು ಹಿಡಿಯೋದರಲ್ಲಿ ಕ್ರಿಕೆಟ್ ಮಕ್ಕಳು ಮಾಡೋ ತಪ್ಪು ಒಂದೇ: ಒಂದು ಮಂಡಿ ಊರಿ ‘ಲಾಂಗ್ ಬ್ಯಾರಿಯರ್’ ಹಾಕ್ತಾರೆ. ಬೌಂಡರಿ ಉಳಿಸೋಕೆ ಅದು ಸರಿ. ಇಲ್ಲಿ ಚೆಂಡು ತಡೆದರೆ ಸಾಲದು, 60 ಅಡಿ ದೂರದ ಬೇಸ್‌ಗೆ ಓಡೋ ಹುಡುಗನಿಗಿಂತ ಮೊದಲು ಎಸೀಬೇಕು. ಕಾಲು ಭುಜಕ್ಕಿಂತ ಅಗಲ, ಕುಂಡಿ ಕೆಳಗೆ, ಗ್ಲೌಸ್ ಮೊದಲೇ ನೆಲದಲ್ಲಿ, ಮೂಗಿನ ಮುಂದೆ. ಗ್ಲೌಸ್ ಕೆಳಗಿಂದ ಮೇಲೆ ಬರಬೇಕು. ಮೇಲಿಂದ ಕೆಳಗೆ ಇಳಿಸೋಕೆ ಹೋದರೆ ಚೆಂಡು ಕಾಲ ಸಂದಿಯಲ್ಲಿ ಪಾರು. ಬರಿಗೈ ಗ್ಲೌಸ್ ಮೇಲೆ ಮುಚ್ಚಳದ ಥರ ಬಂದರೆ ಚೆಂಡು ಬೆರಳಿಗೆ ಆಗಲೇ ಸಿಕ್ಕಿರುತ್ತೆ.

ಸ್ಕೋರ್‌ಬುಕ್

ಪಿಚಿಂಗ್ ಲೆಕ್ಕ ನಾನು ಬರೀತೀನಿ, ಇದರಲ್ಲಿ ಎಡವಟ್ಟಾದರೆ ಮಗುವಿನ ಕೈಯೂ ಹೋಗುತ್ತೆ, ಎದುರು ಟೀಮಿನ ತಕರಾರೂ ಬರುತ್ತೆ.

ಲಿಟಲ್ ಲೀಗ್ 2007ರಲ್ಲಿ ಇನ್ನಿಂಗ್ಸ್ (ಎರಡೂ ಟೀಮ್ ಒಂದೊಂದು ಸಲ ಬ್ಯಾಟ್ ಮಾಡೋ ಸುತ್ತು) ಲೆಕ್ಕ ಬಿಟ್ಟು ಪಿಚ್ ಲೆಕ್ಕಕ್ಕೆ ಬಂತು. ದಿನಕ್ಕೆ 7–8 ವರ್ಷದವರಿಗೆ 50, 9–10ಕ್ಕೆ 75, 11–12ಕ್ಕೆ 85, 13–16ಕ್ಕೆ 95. ವಯಸ್ಸು ಅಂದರೆ ಲೀಗ್ ವಯಸ್ಸು, ಆ ವರ್ಷದ ಆಗಸ್ಟ್ 31ಕ್ಕೆ ಎಷ್ಟೋ ಅಷ್ಟು. ಹಾಗಾಗಿ ಏಪ್ರಿಲ್‌ನಲ್ಲಿ ಇನ್ನೂ 8 ತುಂಬಿರೋ ಮಗು ಲೆಕ್ಕದಲ್ಲಿ 9 ಆಗಿರಬಹುದು.

ವಿಶ್ರಾಂತಿ, 14ರವರೆಗಿನವರಿಗೆ: 20ರವರೆಗೆ ಏನೂ ಬೇಡ. 21–35ಕ್ಕೆ ಒಂದು ದಿನ, 36–50ಕ್ಕೆ ಎರಡು, 51–65ಕ್ಕೆ ಮೂರು, 66 ದಾಟಿದರೆ ನಾಲ್ಕು. ಪೂರ್ತಿ ಕ್ಯಾಲೆಂಡರ್ ದಿನಗಳು. ಶನಿವಾರ 35 ಎಸೆದವನು ಸೋಮವಾರ ಎಸೀಬಹುದು. 36 ಎಸೆದವನು ಮಂಗಳವಾರ. 66 ಎಸೆದವನು ಗುರುವಾರವೇ.

ಆ ಒಂದು ಪಿಚ್‌ಗೆ ಒಂದು ದಿನ ಹೋಗುತ್ತೆ ಅಂತ ಗಾಬರಿ ಬೇಡ, ನಿಯಮದಲ್ಲೇ ದಾರಿ ಇದೆ. ಬ್ಯಾಟರ್ ಎದುರು ಇರುವಾಗಲೇ 35 ಮುಟ್ಟಿದರೆ ಆ ಬ್ಯಾಟರ್ ಮುಗಿಯೋ ತನಕ ಎಸೆಯಬಹುದು, ಮುಂದಿನವನಿಗೆ ಎಸೆಯದೆ ಇಳಿಸಿದರೆ ಲೆಕ್ಕ 35 ಅಂತಲೇ. ಹಾಗಾಗಿ ಲೆಕ್ಕ ಇಡುವವರು ಕೋಚ್‌ಗೆ ಸಂಖ್ಯೆ ಹೇಳಬೇಕಾದ್ದು ಇನ್ನಿಂಗ್ಸ್ ಕೊನೆಯಲ್ಲಿ ಅಲ್ಲ, ಪ್ರತಿ ಹೊಸ ಬ್ಯಾಟರ್ ಬಂದಾಗ. ‘33 ಆಯ್ತು’ ಅಂತ ಕಿವಿಗೆ ಬಿದ್ದರೆ ಇವನೇ ಕೊನೆಯವನು ಅಂತ ಗೊತ್ತಾಗುತ್ತೆ. ‘36’ ಅಂತ ಕೇಳಿಸಿದ ಮೇಲೆ ಇನ್ನೊಬ್ಬನಿಗೆ ಎಸೆಸಿದರೆ ಮುಗೀತು.

ಇನ್ನೊಂದು, ಹೊಸಬರಿಗೆ ತಪ್ಪದೇ ತಪ್ಪೋದು. 41 ಅಥವಾ ಹೆಚ್ಚು ಪಿಚ್ ಮಾಡಿದ ಮಗು ಆ ದಿನ ಕ್ಯಾಚರ್ (ಬ್ಯಾಟರ್ ಹಿಂದೆ ಕೂತು ಪಿಚ್ ಹಿಡಿಯೋರು) ಆಗೋ ಹಾಗಿಲ್ಲ. ನಾಲ್ಕು ಇನ್ನಿಂಗ್ಸ್ ಕ್ಯಾಚರ್ ಆದ ಮಗು ಆ ದಿನ ಪಿಚ್ ಮಾಡೋ ಹಾಗಿಲ್ಲ. ನಾಲ್ಕನೇ ಇನ್ನಿಂಗ್ಸ್‌ನಲ್ಲಿ ಒಂದೇ ಚೆಂಡು ಹಿಡಿದರೂ ನಾಲ್ಕು ಅಂತಲೇ ಲೆಕ್ಕ. ಪಿಚರ್‌ನ ಎಸೆತದಷ್ಟೇ ಸಂಖ್ಯೆಯಲ್ಲಿ ಕ್ಯಾಚರ್ ಕೂಡ ಚೆಂಡು ವಾಪಸ್ ಎಸೀತಿರ್ತಾನೆ ಅನ್ನೋದನ್ನ ಜನ ಮರೀತಾರೆ.

ಪ್ರತಿ ಅರ್ಧ ಇನ್ನಿಂಗ್ಸ್ ಮುಗಿದಾಗ ಎದುರು ಟೀಮಿನ ಸ್ಕೋರರ್ ಜೊತೆ ಸಂಖ್ಯೆ ತಾಳೆ ನೋಡಿ. ಬೆರಳಲ್ಲಿ ಒತ್ತೋ ಕ್ಲಿಕ್ಕರ್ ಒಂದು ಸಾಕು. ಫೌಲ್ ಆದ (ಗೆರೆ ಹೊರಗೆ ಹೊಡೆದ) ಪಿಚ್ ಸೇರಿಸೋದನ್ನ ಮರೆಯೋರೇ ಜಾಸ್ತಿ.

ಹುಬ್ಬಳ್ಳಿ_ಹೊಡತ

ಅಕ್ಕಾರ, ಬ್ಯಾಟಿಂಗ್ ಬಗ್ಗೆ ನಾ ಹೇಳ್ತೀನ್ರಿ. ಕ್ರಿಕೆಟ್ ಹುಡುಗ್ರಿಗೆ ಕಣ್ಣು ಛಲೋ ಇರತೈತಿ, ಚೆಂಡು ಬ್ಯಾಟಿಗೆ ಹತ್ತತೈತಿ. ಆದ್ರ ಬ್ಯಾಟು ಮ್ಯಾಲಿಂದ ಕೆಳಗ ನೆಟ್ಟಗ ಬರತೈತಿ, ಮುಂದಿನ ಮೊಣಕೈ ಮ್ಯಾಲ ಏರತೈತಿ, ಭಾರ ಎಲ್ಲಾ ಮುಂದಿನ ಕಾಲಿಗೆ ಬೀಳತೈತಿ. ಸ್ಟ್ರೇಟ್ ಡ್ರೈವ್‌ಗೆ ಇದು ಬೇಕು. ಬೇಸ್‌ಬಾಲ್ ದುಂಡನ ಬ್ಯಾಟಿಗೆ ಇದು ಬಂದ್ರ ಚೆಂಡಿನ ತಲಿಗೆ ತಾಗಿ ಪಿಚರ್ ಕಾಲಬುಡಕ್ಕ ಉರುಳತೈತಿ.

ಬಾಯಿಲೆ ಹೇಳಿ ತಿದ್ದಾಕ ಹೋಗಬ್ಯಾಡ್ರಿ. ಟೀನ ಸೊಂಟದ ಎತ್ತರಕ್ಕ ಇಟ್ಟು ‘ಹಿಂದಿನ ಮಂಡಿ ಪಿಚರ್ ಕಡೆ ತಿರುಗಬೇಕು’ ಅಂತ ಒಂದೇ ಮಾತು ಹೇಳ್ರಿ. ಸೊಂಟ ತಿರುಗಿದ್ರ ಬ್ಯಾಟು ತಾನ ಅಡ್ಡ ಬರತೈತಿ. ಟೀ ಇಡೋ ಜಾಗಾನೂ ಮುಖ್ಯ: ಪ್ಲೇಟ್ (ಬ್ಯಾಟರ್ ಮುಂದ ನೆಲದಾಗಿನ ಹಲಗಿ) ನಡುವ ಇಡಬ್ಯಾಡ್ರಿ, ಮುಂದಿನ ಪಾದದ ನೇರಕ್ಕ ಇಡ್ರಿ. ಒಳಗಿನ ಚೆಂಡಿಗೆ ಇನ್ನೂ ಚೂರು ಮುಂದ, ಹೊರಗಿನದಕ್ಕ ಚೂರು ಹಿಂದ. ಬ್ಯಾಟ್ ಹಿಡಿಯೋ ಮುಂದ ಎರಡೂ ಕೈಯ ನಡುಗೆಣ್ಣು ಹೆಚ್ಚೂಕಡಿಮಿ ಒಂದ ಸಾಲಿನ್ಯಾಗ ಬರಬೇಕು. ಅಂಗೈಗೆ ಒತ್ತಿ ಹಿಡದ್ರ ಮಣಿಕಟ್ಟು ಬಿಗಿತೈತಿ.

ಚೆಂಡಿನ ಭಯ ಬ್ಯಾರೆ ವಿಷಯ. 46 ಅಡಿಯಿಂದ ಒಂಬತ್ತು ವರ್ಷದ ಪಿಚರ್ ಒಗೆಯೋ ಚೆಂಡು ಎಲ್ಲಿ ಬರತೈತಿ ಅಂತ ಅವನಿಗೂ ಗೊತ್ತಿರಂಗಿಲ್ಲ. ಹುಡುಗ ಹಿಂದ ಸರಿದ್ರ ಬೈಬ್ಯಾಡ್ರಿ, ತಪ್ಪಿಸ್ಕೊಳ್ಳೋದ ಕಲಸ್ರಿ. ಹೆಲ್ಮೆಟ್ ಹಾಕಿಸಿ, ಟೆನಿಸ್ ಬಾಲ್ ತಗೊಂಡು 20 ಅಡಿಯಿಂದ ಬೇಕಂತಲೇ ಮೈಗೆ ಒಗೀರಿ. ಮುಂದಿನ ಭುಜ ಕ್ಯಾಚರ್ ಕಡೆ ತಿರುಗಬೇಕು, ಗದ್ದ ಎದಿಗೆ, ಬ್ಯಾಟು ಕೆಳಗ, ಚೆಂಡು ಬೆನ್ನಿಗೆ ಅಥವಾ ಕುಂಡಿಗೆ ಬೀಳಬೇಕು. ಬಹಳ ಹುಡುಗ್ರು ಉಲ್ಟಾ ಮಾಡ್ತಾವು, ಎದಿ ತೆರೆದು ಪಿಚರ್ ಕಡೆ ತಿರುಗ್ತಾವು. ಅದ ಅಪಾಯ. ಹತ್ತು ಸಲ ಬೆನ್ನಿಗೆ ತಿಂದು ನಕ್ಕ ಹುಡುಗನ ಹಿಂದಿನ ಕಾಲು ಆಮ್ಯಾಲ ಸರಿಯಂಗಿಲ್ಲ.

ಡಗೌಟ್_ಭಟ್ಟ

ಮೇಲಿನ ಮಾತಿಗೆ ಇನ್ನೆರಡು ಕ್ರಿಕೆಟ್ ಅಭ್ಯಾಸ ಸೇರಿಸ್ತೀನಿ. ಹೊಡೆದ ಮೇಲೆ ನಿಂತು ನೋಡೋದು: ಕ್ರಿಕೆಟ್‌ನಲ್ಲಿ ಓಡೋದು ಬಿಡೋದು ನಿಮ್ಮಿಷ್ಟ, ಇಲ್ಲಿ ಗೆರೆಯೊಳಗೆ ಬಿದ್ದರೆ ಓಡಲೇಬೇಕು. ಎರಡನೇದು ಬ್ಯಾಟ್ ಹಿಡ್ಕೊಂಡೇ ಓಡೋದು. ಟೀ ಅಭ್ಯಾಸದಲ್ಲೇ ಹೊಡೆದು, ಬ್ಯಾಟ್ ಪಕ್ಕಕ್ಕೆ ಬಿಟ್ಟು, ಮೂರು ಹೆಜ್ಜೆ ಓಡಿಸಿ. ಬಿಟ್ಟು ಅಂದೆ, ಬೀಸಿ ಅಲ್ಲ. ಬೀಸಿ ಎಸೆದ ಬ್ಯಾಟ್ ಕ್ಯಾಚರ್ ಮೊಣಕಾಲಿಗೇ ಹೋಗೋದು.

ಒಂದನೇ ಬೇಸ್ ದಾಟಿ ಓಡಬೇಕು. ಕ್ರೀಸ್ ಮುಟ್ಟಿದ ಹಾಗೆ ಅಲ್ಲೇ ನಿಲ್ಲೋಕೆ ಹೋಗಿ ವೇಗ ಕಮ್ಮಿ ಮಾಡ್ತಾರೆ. ಬೇಸ್‌ನ ಮುಂದಿನ ಅಂಚು ತುಳಿದು 10–12 ಅಡಿ ಮುಂದೆ ಹೋಗಿ ನಿಲ್ಲಲಿ. ಎಡಕ್ಕೆ ತಿರುಗಿದರೆ ಔಟ್ ಅಂತ ಪೋಷಕರು ಕೂಗ್ತಾರೆ, ಅದು ಸುಳ್ಳು. ಎರಡನೇ ಬೇಸ್‌ಗೆ ಹೋಗೋ ಪ್ರಯತ್ನ ಮಾಡಿದರೆ ಮಾತ್ರ ಮುಟ್ಟಿ ಔಟ್ ಮಾಡಬಹುದು.

ಮುಂದಕ್ಕೆ ಹೋಗುವಾಗ ತಲೆ ಮುಂದಾಗಿ ಡೈವ್ ಹೊಡೆದರೆ ಈ ವಯಸ್ಸಿನಲ್ಲಿ ಔಟ್ ಕೊಡ್ತಾರೆ. ಹಿಂದಿನ ಬೇಸ್‌ಗೆ ವಾಪಸ್ ಬರುವಾಗ ಪರವಾಗಿಲ್ಲ. ರನ್ ಔಟ್ ಉಳಿಸೋಕೆ ಡೈವ್ ಹೊಡೆದು ಅಭ್ಯಾಸ ಇರೋ ಮಕ್ಕಳಿಗೆ ಮೊದಲ ವಾರವೇ ಹೇಳಿ. ಸ್ಲೈಡ್ ಕಲಿಸೋಕೆ ಒದ್ದೆ ಹುಲ್ಲು, ಇಲ್ಲವೇ ಬಿಚ್ಚಿ ಹರಡಿದ ದೊಡ್ಡ ರಟ್ಟಿನ ಡಬ್ಬ, ಶೂ ಬಿಚ್ಚಿಸಿ ಬರೀ ಸಾಕ್ಸ್. ಸ್ಪೈಕ್ ನೆಲಕ್ಕೆ ಸಿಕ್ಕಿಕೊಂಡರೆ ಪಾದದ ಗಂಟು ತಿರುಚುತ್ತೆ.

ಡಗೌಟ್‌ನಲ್ಲಿ (ಟೀಮ್ ಕೂರೋ ಜಾಗ) ಬ್ಯಾಟ್ ಬೀಸೋದು ಪೂರ್ತಿ ಬಂದ್. ಟಿವಿಯಲ್ಲಿ ಮುಂದಿನ ಬ್ಯಾಟರ್ ಹೊರಗೆ ನಿಂತು ಬೀಸೋದನ್ನ ನೋಡಿರ್ತಾರೆ, ಲಿಟಲ್ ಲೀಗ್‌ನ ಮೈನರ್ಸ್, ಅದರ ಮೇಲಿನ ಮೇಜರ್ಸ್ ಹಂತದಲ್ಲಿ ಆ ಜಾಗವೇ ಇಲ್ಲ. ತನ್ನ ಸರದಿ ಬರೋ ತನಕ ಬ್ಯಾಟ್ ಮುಟ್ಟೋ ಹಾಗಿಲ್ಲ.

ಎಡಿಸನ್_ಅಮ್ಮ

ತುಂಬಾ ಥ್ಯಾಂಕ್ಸ್. ಒಬ್ಬ ಹುಡುಗ ಚೆನ್ನಾಗಿ ಪಿಚ್ ಮಾಡ್ತಾನೆ, ಆದರೆ ವಾರಾಂತ್ಯಕ್ಕೆ ಟ್ರಾವೆಲ್ ಟೀಮ್‌ನಲ್ಲೂ (ಲೀಗ್ ಹೊರಗೆ, ಬೇರೆ ಊರುಗಳಿಗೆ ಹೋಗಿ ಆಡೋ ಟೀಮ್) ಆಡ್ತಾನೆ. ಅವರಪ್ಪ ‘ಕರ್ವ್ ಬಾಲ್ (ಬಾಗುತ್ತಾ ಬರೋ ಪಿಚ್) ಕಲಿಸಿ, ವೇಗಕ್ಕಿಂತ ಅದೇ ಔಟ್ ಕೊಡುತ್ತೆ’ ಅಂತಾರೆ. ಏನು ಹೇಳೋದು?

ಫಿಸಿಯೊ_ಸುಮ

ಈ ವಯಸ್ಸಿನಲ್ಲಿ ಮೂಳೆಯ ತುದಿಯಲ್ಲಿ ಬೆಳವಣಿಗೆಯ ಮೃದ್ವಸ್ಥಿ ಪಟ್ಟಿ ಇನ್ನೂ ತೆರೆದಿರುತ್ತದೆ. ಕೀಲಿನ ಸುತ್ತ ಅತ್ಯಂತ ದುರ್ಬಲ ಜಾಗ ಅದೇ, ಅದನ್ನು ಎಳೆಯುವ ಸ್ನಾಯುರಜ್ಜು ಅದಕ್ಕಿಂತ ಗಟ್ಟಿ. ದೊಡ್ಡವರಲ್ಲಿ ಅಸ್ಥಿರಜ್ಜು ಹರಿಯುವ ಕಡೆ ಮಕ್ಕಳಲ್ಲಿ ಈ ಪಟ್ಟಿಯೇ ಊದಿಕೊಳ್ಳುತ್ತದೆ, ಕೆಲವೊಮ್ಮೆ ಬಿರಿಯುತ್ತದೆ. ಮೊಣಕೈಯ ಒಳಬದಿಯಲ್ಲಿ ಆದರೆ ‘ಲಿಟಲ್ ಲೀಗ್ ಎಲ್ಬೋ’, ಭುಜದಲ್ಲಿ ಆದರೆ ‘ಲಿಟಲ್ ಲೀಗ್ ಶೋಲ್ಡರ್’.

ಕರ್ವ್ ಬಾಲ್ ಬಗ್ಗೆ ಆ ತಂದೆಯ ಜೊತೆ ವಾದಕ್ಕೆ ಇಳಿಯಬೇಡಿ. ಮೊದಲ ಅಪಾಯ ಎಸೆತದ ಸಂಖ್ಯೆ ಮತ್ತು ದಣಿದ ಮೇಲೂ ಎಸೆಯುವುದು, ಕರ್ವ್ ಆಮೇಲಿನ ಮಾತು. 9 ವರ್ಷದ ಮಗುವಿಗೆ ಫಾಸ್ಟ್‌ಬಾಲ್ ಜೊತೆ ಚೇಂಜ್‌ಅಪ್ (ನಿಧಾನವಾಗಿ ಬರುವ ಪಿಚ್) ಕಲಿಸಿ: ಅದೇ ತೋಳಿನ ವೇಗ, ಚೆಂಡನ್ನು ಅಂಗೈಯ ಒಳಗೆ ಸ್ವಲ್ಪ ಆಳವಾಗಿ ಹಿಡಿಯುವುದು. ಬ್ಯಾಟರ್ ಮೋಸ ಹೋಗುತ್ತಾನೆ, ಮಣಿಕಟ್ಟು ತಿರುಚುವ ಗೊಡವೆಯೂ ಇಲ್ಲ.

ಟ್ರಾವೆಲ್ ಟೀಮೇ ನಿಜವಾದ ತೊಂದರೆ. ಲೀಗ್ ಸ್ಕೋರ್‌ಬುಕ್‌ಗೆ ಆ ಪಿಚ್‌ಗಳು ಕಾಣುವುದಿಲ್ಲ, ಮೊಣಕೈಗೆ ಕಾಣುತ್ತವೆ. ಎಂಎಲ್‌ಬಿ (ಅಮೆರಿಕದ ವೃತ್ತಿಪರ ಬೇಸ್‌ಬಾಲ್ ಲೀಗ್) ಮತ್ತು ಯುಎಸ್‌ಎ ಬೇಸ್‌ಬಾಲ್ 2014ರಲ್ಲಿ ತಂದ ‘ಪಿಚ್ ಸ್ಮಾರ್ಟ್’ ಮಾರ್ಗಸೂಚಿ 9–12 ವರ್ಷದವರಿಗೆ ಎಲ್ಲ ಟೀಮ್ ಸೇರಿ 12 ತಿಂಗಳಲ್ಲಿ 80 ಇನ್ನಿಂಗ್ಸ್ ಮೀರಬಾರದು, ವರ್ಷಕ್ಕೆ ನಾಲ್ಕು ತಿಂಗಳು ಎಸೆತಕ್ಕೆ ರಜೆ ಇರಬೇಕು, ಅದರಲ್ಲಿ 2–3 ತಿಂಗಳು ಸತತವಾಗಿರಬೇಕು ಎನ್ನುತ್ತದೆ. ಒಂದೇ ಗೂಗಲ್ ಶೀಟ್ ಮಾಡಿ ಇಬ್ಬರು ಕೋಚ್‌ಗಳೂ ತಂದೆಯೂ ಅದರಲ್ಲೇ ಸಂಖ್ಯೆ ತುಂಬಲಿ. ತಂದೆಯ ಕೈಗೆ ಆ ಕೆಲಸ ಕೊಟ್ಟರೆ ಕರ್ವ್ ಬಾಲ್ ಮಾತು ಅರ್ಧ ಅಲ್ಲೇ ನಿಲ್ಲುತ್ತದೆ.

ಮೈದಾನದಲ್ಲಿ ದಣಿವು ಹೇಗೆ ಕಾಣುತ್ತದೆ: ಪಿಚ್‌ಗಳು ಒಂದೇ ಸಮ ಮೇಲೆ ಹೋಗತೊಡಗುತ್ತವೆ, ಮೊಣಕೈ ಭುಜದ ಮಟ್ಟಕ್ಕಿಂತ ಕೆಳಗೆ ಇಳಿಯುತ್ತದೆ, ಎರಡು ಪಿಚ್ ನಡುವೆ ಮಗು ಕೈ ಜಾಡಿಸುತ್ತದೆ, ಟೋಪಿ ಸರಿಮಾಡುವ ನೆಪದಲ್ಲಿ ಹೊತ್ತು ಕಳೆಯುತ್ತದೆ. ಆಗ ಸಂಖ್ಯೆ 40 ಇದ್ದರೂ ಇಳಿಸಿ. 75 ಎಂಬುದು ಮಿತಿ, ಗುರಿ ಅಲ್ಲ. ನೋವು ಮೊಣಕೈಯ ಒಳಬದಿಯಲ್ಲಿ ಒಂದೇ ಬಿಂದುವಿನಲ್ಲಿದ್ದರೆ, ಅಥವಾ ಮರುದಿನವೂ ಇದ್ದರೆ, ಎಸೆತ ಪೂರ್ತಿ ನಿಲ್ಲಿಸಿ ಮಕ್ಕಳ ಮೂಳೆ ವೈದ್ಯರಿಗೆ ತೋರಿಸಲಿ. ನೋವಿನ ಮಾತ್ರೆ ಕೊಟ್ಟು ಆಡಿಸುವುದು ಬೇಡವೇ ಬೇಡ.

ಮೈಸೂರು_ನೆಟ್ಸ್

ನಾನಿರೋದು ಕ್ರಿಕೆಟ್ ಕಡೆ, ಮೈಸೂರಲ್ಲಿ. ಓದ್ತಾ ಹೋದ ಹಾಗೆ ಅನ್ನಿಸಿದ್ದು, ಈ ಲೆಕ್ಕ ನಮಗೇ ಹೆಚ್ಚು ಬೇಕು. ನಮ್ಮ ಕಡೆ ವೇಗದ ಬೌಲಿಂಗ್ ಹುಡುಗರಿಗೆ ಕೈಗಿಂತ ಸೊಂಟ ಹೋಗುತ್ತೆ, ಕೆಳಬೆನ್ನಿನ ಮೂಳೆಯಲ್ಲಿ ಸ್ಟ್ರೆಸ್ ಫ್ರ್ಯಾಕ್ಚರ್. ಮ್ಯಾಚ್‌ನಲ್ಲಿ ಓವರ್ ಎಣಿಸ್ತಾರೆ, ನೆಟ್ಸ್‌ನಲ್ಲಿ ಯಾರೂ ಎಣಿಸಲ್ಲ. ಏಪ್ರಿಲ್–ಮೇ ಸಮ್ಮರ್ ಕ್ಯಾಂಪ್‌ನಲ್ಲಿ ಬೆಳಿಗ್ಗೆ ಒಂದು ಬ್ಯಾಚು, ಸಂಜೆ ಒಂದು ಬ್ಯಾಚು, ಚೆನ್ನಾಗಿ ಹಾಕೋ ಹುಡುಗನನ್ನ ಎಲ್ಲಾ ಬ್ಯಾಟ್ಸ್‌ಮನ್‌ಗಳೂ ಕರೀತಾರೆ. ಹಾಗಾಗಿ ಬೌಲರ್‌ಗೆ ಕ್ಲಿಕ್ಕರ್ ಕೊಟ್ಟು ನೆಟ್ಸ್ ಚೆಂಡೂ ಸೇರಿಸಿ ಬರೆಯೋದು ಒಳ್ಳೇದು.

ಅಂತರದ ವಿಷಯವೂ ಅಷ್ಟೇ. ಅಮೆರಿಕದ ಮಕ್ಕಳಿಗೆ ದೊಡ್ಡವರ 60 ಅಡಿ 6 ಇಂಚು ಬಿಟ್ಟು 46 ಅಡಿ ಮಾಡಿದ್ದಾರೆ. ಆಸ್ಟ್ರೇಲಿಯಾದ ಜೂನಿಯರ್ ಕ್ರಿಕೆಟ್‌ನಲ್ಲಿ ಮೊದಲ ಹಂತಕ್ಕೆ 16 ಮೀಟರ್ ಪಿಚ್, ಮುಂದಿನ ಹಂತಕ್ಕೆ 18. ನಮ್ಮಲ್ಲಿ ಒಂಬತ್ತು ವರ್ಷದವನೂ 22 ಗಜದಿಂದಲೇ ಹಾಕ್ಬೇಕು. ಚೆಂಡು ಆ ಕಡೆ ತಲುಪಿಸೋಕೆ ಎಡಭುಜ ಬೀಳಿಸಿ, ಸೊಂಟ ಪಕ್ಕಕ್ಕೆ ಬಗ್ಗಿಸಿ ಹಾಕ್ತಾನೆ, ಆ ಆಕ್ಷನ್ ಹಾಗೇ ಉಳಿದುಬಿಡುತ್ತೆ. ಸ್ಟಂಪ್ ಮುಂದಕ್ಕೆ ನೆಡೋಕೆ ದುಡ್ಡೇನೂ ಬೇಕಿಲ್ಲ.

ಒಂದು ಪ್ರಶ್ನೆ: ಕ್ರಿಕೆಟ್ ಕೀಪಿಂಗ್ ಮಾಡಿದ ಹುಡುಗ ಬೇಸ್‌ಬಾಲ್ ಕ್ಯಾಚರ್ ಆಗೋಕೆ ಸುಲಭ ಅಲ್ವಾ?

ಡಗೌಟ್_ಭಟ್ಟ

ಕಣ್ಣು, ಕೈ ಇರುತ್ತೆ ಸರ್, ಆದರೆ ಉಳಿದದ್ದು ಉಲ್ಟಾ. ಕೀಪರ್ ಚೆಂಡನ್ನ ಮೈ ಪಕ್ಕಕ್ಕೆ ತಗೊಂಡು ಕೈ ಹಿಂದಕ್ಕೆ ಕೊಡ್ತಾನೆ. ಕ್ಯಾಚರ್ ಹಾಗೆ ಕೈ ಹಿಂದಕ್ಕೆ ಎಳೆದರೆ ಸ್ಟ್ರೈಕ್ (ಸರಿ ಜಾಗಕ್ಕೆ ಬಂದ ಪಿಚ್) ಕೂಡ ಬಾಲ್ (ಜಾಗ ತಪ್ಪಿದ ಪಿಚ್) ಥರ ಕಾಣುತ್ತೆ. ಗ್ಲೌಸ್ ಮುಂದೆ ಚಾಚಿ, ಚೆಂಡು ಬಂದ ಜಾಗದಲ್ಲೇ ಗಟ್ಟಿ ನಿಲ್ಲಿಸಬೇಕು. ನೆಲಕ್ಕೆ ಬಿದ್ದ ಚೆಂಡನ್ನ ಹಿಡಿಯೋಕೇ ಹೋಗಬಾರದು: ಮೊದಲು ಗ್ಲೌಸ್ ಕಾಲ ಸಂದಿ ಮುಚ್ಚಬೇಕು, ಜೊತೆಗೆ ಮಂಡಿ ಊರಬೇಕು, ಗದ್ದ ಎದೆಗೆ, ಭುಜ ಮುಂದಕ್ಕೆ ಗುಂಡಗೆ. ಚೆಂಡು ಎದೆಪಟ್ಟಿಗೆ ಬಡಿದು ಎರಡು ಅಡಿ ಮುಂದೆ ಸತ್ತು ಬಿದ್ದರೆ ಅದೇ ಗೆಲುವು. ಇನ್ನೊಂದು, ಕೀಪರ್‌ಗೆ ಎರಡು ಗ್ಲೌಸ್, ಇಲ್ಲಿ ಒಂದೇ. ಬರಿಗೈ ಬೆನ್ನ ಹಿಂದೆ ಇರಲಿ. ಬೇಸ್‌ನಲ್ಲಿ ಓಟಗಾರ ಇದ್ದಾಗ ಗ್ಲೌಸ್ ಹಿಂದೆ, ಹೆಬ್ಬೆರಳು ಒಳಗೆ ಮಡಚಿ. ಎರಡೂ ಕೈ ಒಡ್ಡೋ ಹಳೇ ಅಭ್ಯಾಸದಲ್ಲೇ ಫೌಲ್ ಟಿಪ್ (ಬ್ಯಾಟ್ ಅಂಚಿಗೆ ತಾಗಿ ಹಿಂದೆ ಬಂದ ಚೆಂಡು) ಬಡಿದು ಬೆರಳು ಮುರಿಯೋದು.

ಸ್ಕೋರ್‌ಬುಕ್

ಮೇಡಂ, ಮ್ಯಾಚ್ ದಿನದ ಲೆಕ್ಕ ಹೇಳೋದು ಮರೆತಿತ್ತು. 6 ಇನ್ನಿಂಗ್ಸ್, 9 ಜಾಗ, ಅಂದರೆ 54. ಅದನ್ನ 12 ಮಕ್ಕಳಿಗೆ ಹಂಚಿದರೆ ತಲಾ ನಾಲ್ಕೂವರೆ ಇನ್ನಿಂಗ್ಸ್ ಫೀಲ್ಡಿಂಗ್. ಪ್ರತಿ ಇನ್ನಿಂಗ್ಸ್ ಮೂವರು ಬೆಂಚ್. ನಾಲ್ಕು ಇನ್ನಿಂಗ್ಸ್‌ನಲ್ಲಿ ಎಲ್ಲರೂ ಒಂದು ಸಲ ಕೂತಾಗಿರುತ್ತೆ, ಅದಕ್ಕೆ ಮುಂಚೆ ಯಾರನ್ನೂ ಎರಡನೇ ಸಲ ಕೂರಿಸಬೇಡಿ. ಐದು, ಆರನೇ ಇನ್ನಿಂಗ್ಸ್‌ನಲ್ಲಿ ಎರಡನೇ ಸಲ ಕೂತ ಆರು ಜನರ ಹೆಸರು ಬರೆದಿಟ್ಟು, ಮುಂದಿನ ಮ್ಯಾಚ್‌ನಲ್ಲಿ ಉಳಿದ ಆರು ಜನರನ್ನ ಎರಡು ಸಲ ಕೂರಿಸಿ. ಲೀಗ್ ಒಪ್ಪಿದರೆ ಬ್ಯಾಟಿಂಗ್‌ಗೆ ಹನ್ನೆರಡೂ ಜನರ ಒಂದೇ ಸಾಲು ಹಾಕಿ, ಬದಲಿ ಆಟಗಾರರ ತಲೆನೋವೇ ಇರಲ್ಲ. ಹಾಳೆ ಹಿಂದಿನ ರಾತ್ರಿಯೇ ತುಂಬಿ. ಮೈದಾನದಲ್ಲಿ ನಿಂತು ಯೋಚಿಸೋಕೆ ಹೋದರೆ ‘ನಾನು ಶಾರ್ಟ್‌ಸ್ಟಾಪ್, ನಾನು ಶಾರ್ಟ್‌ಸ್ಟಾಪ್’ ಅಂತ ಸುತ್ತ ಗಲಾಟೆ.

ಗುಡುಗು ಕೇಳಿಸಿದರೆ ಎಲ್ಲರೂ ಕಾರಿಗೆ. ಕೊನೆಯ ಗುಡುಗಿನಿಂದ 30 ನಿಮಿಷ ಎಣಿಸಿ. ಮತ್ತೆ ಗುಡುಗಿದರೆ ಮತ್ತೆ ಸೊನ್ನೆಯಿಂದ. ತಲೆಗೆ ಪೆಟ್ಟು ಬಿದ್ದು ಮಗು ಮಂಕಾದರೆ ಆ ದಿನ ವಾಪಸ್ ಆಡಿಸೋ ಹಾಗಿಲ್ಲ, ವೈದ್ಯರ ಚೀಟಿ ಬಂದ ಮೇಲೇ.

ಎಡಿಸನ್_ಅಮ್ಮ

ಹಾಳೆ ಇವತ್ತೇ ಮಾಡ್ತೀನಿ. ಕೊನೇದು: ಟೀಮಲ್ಲಿ ಒಬ್ಬಳು ಎಡಗೈ ಹುಡುಗಿ ಇದ್ದಾಳೆ. ಅವಳಿಗೆ ಯಾವ ಜಾಗ? ಬ್ಯಾಟು, ಗ್ಲೌಸ್ ಕೂಡ ಹೇಳಿಬಿಡಿ.

ಹುಬ್ಬಳ್ಳಿ_ಹೊಡತ

ಬ್ಯಾಟಿನ ಮ್ಯಾಲ ‘ಯುಎಸ್‌ಎ ಬೇಸ್‌ಬಾಲ್’ ಮುದ್ರಿ ಇರಬೇಕ್ರಿ, 2018ರಿಂದ ಅದ ನಿಯಮ. ಇನ್ನೊಂದು ‘ಯುಎಸ್‌ಎಸ್‌ಎಸ್‌ಎ’ ಅಂತ ಮುದ್ರಿ ಬರತೈತಿ, ಅದು ಟ್ರಾವೆಲ್ ಆಟಕ್ಕ. ಲಿಟಲ್ ಲೀಗ್‌ನ್ಯಾಗ ಅಂಪೈರ್ ಹೊರಗ ಹಾಕ್ತಾನ. 28 ಇಲ್ಲಾ 29 ಇಂಚು, ಉದ್ದದ ಅಂಕಿಗಿಂತ ತೂಕ 10 ಔನ್ಸ್ ಕಡಿಮಿ ಇರೋದು, ಅಂದ್ರ 28ಕ್ಕ 18 ಔನ್ಸ್. ಒಂದ ಕೈಲೆ ಬ್ಯಾಟ್ ಪಕ್ಕಕ್ಕ ಚಾಚಿ 20 ಸೆಕೆಂಡ್ ಹಿಡಿಯಾಕ ಹೇಳ್ರಿ. ಕೈ ನಡುಗಿದ್ರ ಭಾರ ಆತು ಅಂತ. ದೊಡ್ಡವನಾದ ಮ್ಯಾಲೂ ಬರಲಿ ಅಂತ ಉದ್ದಂದು ತರೋ ಚಾಳಿ ನಮ್ಮವರಿಗೆ ಭಾಳ, ಅಂಗಿ ತಂದಂಗ ಬ್ಯಾಟ್ ತರಬಾರದ್ರಿ.

ಡಗೌಟ್_ಭಟ್ಟ

ಗ್ಲೌಸ್ 11 ಇಂಚು ಸಾಕು. ಚೀಟಿ ಮೇಲೆ ‘ಆರ್‌ಎಚ್‌ಟಿ’ ಇದ್ದರೆ ಬಲಗೈಯಲ್ಲಿ ಎಸೆಯೋರದ್ದು, ಅದು ಎಡಗೈಗೆ ಹಾಕೋ ಗ್ಲೌಸ್. ಎಡಗೈಯಲ್ಲಿ ಎಸೆಯೋ ಆ ಹುಡುಗಿಗೆ ಬೇಕಾದ್ದು ‘ಎಲ್‌ಎಚ್‌ಟಿ’, ಬಲಗೈಗೆ ಹಾಕೋದು. ಆನ್‌ಲೈನ್‌ನಲ್ಲಿ ತರಿಸುವಾಗ ಪೋಷಕರು ಇದನ್ನೇ ಅದಲು ಬದಲು ಮಾಡಿ, ಮಗು ಒಂದು ತಿಂಗಳು ಗ್ಲೌಸ್ ಕಿತ್ತು ಕಂಕುಳಲ್ಲಿ ಇಟ್ಕೊಂಡು ಎಸೀತಿರುತ್ತೆ. ಹೊಸ ಗ್ಲೌಸ್ ಗಟ್ಟಿ ಇದ್ದರೆ ಒಳಗೆ ಒಂದು ಚೆಂಡಿಟ್ಟು ರಬ್ಬರ್ ಬ್ಯಾಂಡ್ ಸುತ್ತಿ ರಾತ್ರಿ ಇಡಿ, ಓವನ್‌ಗೆ ಇಡಬೇಡಿ, ಚರ್ಮ ಒಡೆಯುತ್ತೆ.

ಜಾಗದ ಬಗ್ಗೆ: ದೊಡ್ಡವರ ಆಟದಲ್ಲಿ ಎಡಗೈಯವರಿಗೆ ಪಿಚರ್, ಒಂದನೇ ಬೇಸ್, ಔಟ್‌ಫೀಲ್ಡ್. ಶಾರ್ಟ್‌ಸ್ಟಾಪ್‌ನಿಂದ (ಎರಡನೇ, ಮೂರನೇ ಬೇಸ್ ನಡುವಿನ ಜಾಗ) ಒಂದನೇ ಬೇಸ್‌ಗೆ ಎಸೆಯೋಕೆ ಅವರು ಪೂರ್ತಿ ಮೈ ತಿರುಗಿಸಬೇಕಲ್ಲ, ಅದಕ್ಕೆ. 9 ವರ್ಷಕ್ಕೆ ಅದನ್ನೆಲ್ಲ ನೋಡಬೇಡಿ, ಎಲ್ಲಾ ಕಡೆ ಒಂದೊಂದು ಇನ್ನಿಂಗ್ಸ್ ಆಡಿಸಿ. ಒಂದನೇ ಬೇಸ್‌ಗೆ ಮಾತ್ರ ಚೆಂಡು ಗ್ಯಾರಂಟಿ ಹಿಡಿಯೋ ಮಗುವನ್ನೇ ಹಾಕಿ, ಅಲ್ಲಿಗೆ ಎಸೆತ ಜೋರಾಗಿ ಬರುತ್ತೆ. ಅವಳು ಹಿಡೀತಾಳೆ ಅಂದರೆ ಅಲ್ಲಿಂದಲೇ ಶುರು ಮಾಡಿ.